ಮೂರನೇ ನಂಬರಿನ ಬ್ಲೋವರ್

ಇವತ್ತು ಬೆಳಗ್ಗೆ ನಮ್ಮ ಮನೆಯ ಮಿಕ್ಸಿ ಚಟ್ನಿ ರುಬ್ಬುತ್ತಾ ರುಬ್ಬುತ್ತಾ ಕೀರಲು ದನಿ ತೆಗೆಯಿತು. "ಸಾಕು ಕಣ್ರೀ, ಇದನ್ನ ಗುಜರಿಗೆ ಹಾಕಿ ಹೊಸದು ತನ್ನಿ" ಎಂದಳು ಹೆಂಡತಿ. ನಾನು ಉದ್ದನೆಯ ಸ್ಕ್ರೂಡ್ರೈವರ್ ಹುಡುಕಿ ತಂದೆ. ತುದಿಯನ್ನು ತಿರುಗುತ್ತಿರುವ ಮಿಕ್ಸಿಯ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚಿದೆ. ನೀವು ನೋಡಿದ್ದರೆ ನಗುತ್ತಿದ್ದಿರಿ, ಅವಳೂ ನಕ್ಕಳು. ಆದರೆ ಗೊತ್ತಾಯಿತು ಸ್ವಾಮಿ. ತೊಂದರೆ ಜಾರಿನದಲ್ಲ, ಮೋಟರಿನ ಕೆಳಗೆ ದಂಡವನ್ನು ಹಿಡಿದಿಡುವ ಬುಷ್ ಸವೆದಿದೆ. ಇಪ್ಪತ್ತೆಂಟು ವರ್ಷ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದು ನಿವೃತ್ತನಾದವನ ಹತ್ತಿರ ಒಂದು ಯಂತ್ರ ಮೊದಲ ಸಲ ತನ್ನ ಕಷ್ಟ ಹೇಳಿಕೊಂಡಿತ್ತು. ಆ ಖುಷಿಯಲ್ಲಿ ಚಟ್ನಿಯಿಲ್ಲದೆಯೇ ಮೂರು ದೋಸೆ ತಿಂದೆ.

ಸ್ಕ್ರೂಡ್ರೈವರಿನಲ್ಲಿ ಕೇಳುವ ಈ ವಿದ್ಯೆ ನನಗೆ ಕಲಿಸಿದವನು ಸೋಸಲೆಯ ಶಿವಮಾದು. ತೊಂಬತ್ತರ ದಶಕದಲ್ಲಿ ತಾಂಡ್ಯ ಕೈಗಾರಿಕಾ ಪ್ರದೇಶದ ಒಂದು ದೊಡ್ಡ ಕಾರ್ಖಾನೆಯಲ್ಲಿ ನಾನು ಸೂಪರ್‌ವೈಸರ್, ಅವನು ಫಿಟ್ಟರ್. ಕಾರ್ಖಾನೆಯ ಹೆಸರು ಬೇಡ ಬಿಡಿ. ಸಂಬಳ ತಾರೀಖಿಗೆ ಸರಿಯಾಗಿ ಬರುತ್ತಿತ್ತು, ಬುಧವಾರ ಕ್ಯಾಂಟೀನಿನಲ್ಲಿ ಬಿಸಿಬೇಳೆಬಾತು. ಆದರೂ ಗೇಟು ದಾಟಿ ಒಳಗೆ ಬಂದ ಕೂಡಲೇ ಎಲ್ಲರ ಮುಖ ಗಂಟಾಗುತ್ತಿತ್ತು. ಹೊಸ ಮ್ಯಾನೇಜರು ನಾವು ಬಾಯಿ ತೆರೆಯುವ ಮೊದಲೇ ಮೆಮೊ ಕೊಡುವವರು. ಕೈಯಲ್ಲಿ ಕಸುಬಿದ್ದವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಅವರ ರಾಜೀನಾಮೆಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಡುವುದರಲ್ಲಿ ನನ್ನದು ಎತ್ತಿದ ಕೈ. ನನ್ನದೂ ಒಂದು ಬರೆದಿದ್ದೆ, ಎಲ್ಲಕ್ಕಿಂತ ಚೆಂದದ್ದು. ಅದು ಲಾಕರಿನಲ್ಲೇ ಹಳದಿಯಾಯಿತು.

ಶಿವಮಾದುವಿನ ಭಾವ ನರಸೀಪುರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟು, ಬಾ ಎಂದು ಕರೆಯುತ್ತಿದ್ದ. ಇವನೂ ನನ್ನಿಂದ ರಾಜೀನಾಮೆ ಬರೆಸಿಕೊಂಡ. ಆದರೆ ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಎಂಟು ತಿಂಗಳು ಓಡಾಡಿದ. ಯಾಕಪ್ಪಾ ಕೊಡಲಿಲ್ಲ ಎಂದರೆ, ಬಿಸಿಗಾಳಿ ಊದುವ ಮೂರನೇ ನಂಬರಿನ ಬ್ಲೋವರಿನ ಕಡೆ ಕೈ ತೋರಿಸುವನು.

"ಅದ್ರ ಆ ಕಡೆ ಬೇರಿಂಗ್ ಓಗ್ಬುಟ್ಟದೆ ಸಾ. ಒಂದ್ ಸಲ ನಿಲ್ಸಿ ಬಿಚ್ಚಕ್ಕೆ ಬುಡಿ ಅಂತ ಮ್ಯಾನೇಜರ್‌ಗೆ ಯೇಳಿ. ಇಂಗೇ ಬುಟ್ಟು ನಾನ್ ಎಂಗ್ ಓಗ್ಲಿ?"

ನಾನು ಹೇಳಿದ್ದೆ. ನಿಲ್ಲಿಸಿದರೆ ಉತ್ಪಾದನೆ ನಿಲ್ಲುತ್ತದೆ ಎಂದು ನನಗೇ ಬೈಗುಳ ಬಿದ್ದಿತ್ತು. ಮಕ್ಕಳ ಸ್ಕೂಲು, ಮನೆ ಬಾಡಿಗೆ, ಇಷ್ಟಕ್ಕಾಗಿ ಉಳಿದವರನ್ನು ಕಂಡಿದ್ದೆ. ಬರೀ ಹೆದರಿಕೆಗೆ ಉಳಿದವನನ್ನು ದಿನಾ ಶೇವ್ ಮಾಡುವಾಗ ಕನ್ನಡಿಯಲ್ಲಿ ಕಾಣುತ್ತಿದ್ದೆ. ಆದರೆ ಒಂದು ಬೇರಿಂಗಿಗಾಗಿ ಉಳಿದವನು ಇವನೊಬ್ಬನೇ.

ಮ್ಯಾನೇಜರು ಊರಲ್ಲಿಲ್ಲದ ಒಂದು ಭಾನುವಾರ ನನಗೆ ಏನು ಬಂತೋ, ಹೋಗಿ ಕೆಂಪು ಬಟನ್ ಒತ್ತಿಬಿಟ್ಟೆ. ಎಂಟು ತಿಂಗಳು ಕಾದಿದ್ದ ಶಿವಮಾದು ಒಂದು ಗಳಿಗೆ ಕಳೆಯಲಿಲ್ಲ. ಬಿಚ್ಚಿ ನೋಡಿದರೆ ಅವನು ಹೇಳಿದ್ದ ಅದೇ ಬೇರಿಂಗು, ಅದೇ ಕಡೆ, ಸೀಳಿಹೋಗಿತ್ತು. ಇನ್ನು ಸ್ವಲ್ಪ ದಿನ ಓಡಿದ್ದರೆ ಪಕ್ಕದಲ್ಲಿ ನಿಂತವರ ಕಥೆ ಮುಗಿಯುತ್ತಿತ್ತು. ಹೊಸ ಬೇರಿಂಗನ್ನು ಹಿಗ್ಗಲೆಂದು ಎಣ್ಣೆಯಲ್ಲಿ ಕಾಯಿಸಿ, ಬಿಸಿಬಿಸಿಯಾಗಿಯೇ ಶಾಫ್ಟಿಗೆ ಏರಿಸಿದ. ಮಧ್ಯಾಹ್ನ ಬ್ಲೋವರ್ ಶುರುವಾದಾಗ ಜೇಬಿನಿಂದ ಒಂದು ನಾಣ್ಯ ತೆಗೆದು ಅದರ ಮೈಮೇಲೆ ಅಂಚಿನಲ್ಲಿ ನಿಲ್ಲಿಸಿದ. ನಾಣ್ಯ ಅಲ್ಲಾಡಲಿಲ್ಲ. ನಾವಿಬ್ಬರೂ ಮಕ್ಕಳ ಹಾಗೆ ಅದನ್ನೇ ನೋಡುತ್ತಾ ನಿಂತೆವು. ಆ ಕಾರ್ಖಾನೆಯಲ್ಲಿ ನಾನು ಅಷ್ಟು ಸಂತೋಷಪಟ್ಟ ದಿನ ಇನ್ನೊಂದಿಲ್ಲ.

ಸೋಮವಾರ ಮೆಮೊ ಬಂತು: ಯಾರ ಅಪ್ಪಣೆಯಿಂದ ನಿಲ್ಲಿಸಿದಿರಿ? ಬಡಪಾಯಿಯ ತಲೆ ಉಳಿಯಲಿ ಎಂದು ಶಿವಮಾದುವಿನ ಹೆಸರನ್ನೇ ಎತ್ತದೆ, ದೋಷ ಕಂಡುಹಿಡಿದವನೂ ನಾನೇ, ನಿಲ್ಲಿಸಿದವನೂ ನಾನೇ ಎಂದು ಬರೆದುಕೊಟ್ಟೆ. ಆದರೆ ಸೀಳಿದ ಬೇರಿಂಗ್ ಕಣ್ಣಾರೆ ಕಂಡ ಮ್ಯಾನೇಜರು ತಣ್ಣಗಾದರು. ಮಾರನೇ ದಿನ ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರು, ಅದರ ಕೆಳಗೆ ಎರಡು ಸಾಲು ಹೊಗಳಿಕೆ. ಆಗಲೇ ಹೋಗಿ ನಿಜ ಹೇಳಬೇಕಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡೆ. ಅಷ್ಟೇ ಅಲ್ಲ, ಊಟಕ್ಕೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅದನ್ನು ಓದಿದೆ. ಎರಡನೇ ಸಲ ಓದುವಾಗ ಪಕ್ಕದಲ್ಲಿ ಶಿವಮಾದು ನಿಂತಿದ್ದ.

ಆ ಸಂಜೆಯೇ ಜೇಬಿನ ಪತ್ರ ಆಫೀಸು ಸೇರಿತು. "ಕೆಲ್ಸ ಮುಗೀತಲ್ಲ ಸಾ, ಬತ್ತೀನಿ" ಎಂದಷ್ಟೇ ಹೇಳಿ ಹೋದ. ಬೇರಿಂಗ್ ಸರಿಯಾಯಿತು, ಅದಕ್ಕೇ ಹೋದ ಎಂದು ಇಪ್ಪತ್ತೈದು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವನು ಸೇರಿದ ಭಾವನ ಅಂಗಡಿ ಎಲ್ಲಿದೆ ಎಂದು ಗೊತ್ತಿದ್ದರೂ ಆ ಕಡೆ ತಲೆ ಹಾಕಲಿಲ್ಲ.

ಇವತ್ತು ದೋಸೆ ತಿಂದ ಹುಮ್ಮಸ್ಸಿನಲ್ಲಿ ಮಿಕ್ಸಿಯನ್ನು ಚೀಲಕ್ಕೆ ಹಾಕಿಕೊಂಡು ನರಸೀಪುರದ ಬಸ್ಸು ಹತ್ತಿದೆ. ಶಿವಮಾದುವಿನ ಕೂದಲು ಬೆಳ್ಳಗಾಗಿತ್ತು. ಅಂಗಡಿಯ ತುಂಬ ಪಂಪುಗಳು. ಒಂದೊಂದಕ್ಕೂ ದಾರದಲ್ಲಿ ಕಟ್ಟಿದ ರಟ್ಟಿನ ಚೀಟಿ. ಮೇಲೆ ಪಂಪಿನ ಯಜಮಾನನ ಹೆಸರು, ಕೆಳಗೆ ದಪ್ಪಕ್ಷರದಲ್ಲಿ "ಕಂಡುಹಿಡಿದವರು" ಎಂದು, ಅಂಗಡಿಯ ಕೆಲಸಗಾರರಲ್ಲಿ ಒಬ್ಬನ ಹೆಸರು. ಅದನ್ನು ಓದಿದ ಮೇಲೆ ನನಗೆ ಅರ್ಥವಾಯಿತು. ಅವನು ಬ್ಲೋವರಿಗಾಗಿ ಉಳಿದಿದ್ದ; ಹೋದದ್ದು ಮಾತ್ರ ನನ್ನಿಂದ.

"ಬನ್ನಿ ಸಾ. ಏನಾಗದೆ ಮಿಕ್ಸಿಗೆ?"

"ಕೆಳಗಿನ ಬುಷ್ ಹೋಗಿದೆ."

ಅವನು ಸ್ಕ್ರೂಡ್ರೈವರಿಗೆ ಕಿವಿ ಹಚ್ಚಿ ಕೇಳಿ ತಲೆಯಾಡಿಸಿದ. "ಸರ್ಯಾಗೇ ಯೇಳಿದ್ರಿ" ಎಂದು ಚೀಟಿ ತೆಗೆದುಕೊಂಡು, ಕಂಡುಹಿಡಿದವರು ಎಂಬಲ್ಲಿ ನನ್ನ ಹೆಸರು ಬರೆಯತೊಡಗಿದ.

"ಆ ಬೋರ್ಡಿನಲ್ಲಿ ನಿನ್ನ ಹೆಸರು ಇರಬೇಕಿತ್ತು ಶಿವಮಾದು" ಎಂದೆ. ಇಪ್ಪತ್ತೈದು ವರ್ಷದ ಮಾತು, ಹೇಳಲು ಹತ್ತು ಕ್ಷಣವೂ ಹಿಡಿಯಲಿಲ್ಲ.

ಅವನು ದಾರ ಗಂಟು ಹಾಕುತ್ತಲೇ ಹೇಳಿದ: "ಬೋರ್ಡು ಆಳಾಗೋಗ್ಲಿ ಬುಡಿ ಸಾ. ಅವತ್ತು ಪಕ್ಕದಲ್ಲಿ ನಿಂತಿದ್ನಲ್ಲ, ಇದೇ ಮಾತು ನನ್ ತಾವ ಅಂದಿದ್ರೆ ಸಾಕಾಗಿತ್ತು." ಆಮೇಲೆ ಕಾಫಿ ತರಿಸಿದ.

ಮಿಕ್ಸಿ ಈಗ ಅಡುಗೆಮನೆಯಲ್ಲಿ ಹೊಸದರ ಹಾಗೆ ತಿರುಗುತ್ತಿದೆ. ಹೆಂಡತಿ ಅದಕ್ಕೆ ಕಟ್ಟಿದ್ದ ಚೀಟಿಯ ದಾರ ಕತ್ತರಿಸಲು ಕತ್ತರಿ ಹಿಡಿದು ಬಂದಳು. ಕತ್ತರಿಯನ್ನು ಪಕ್ಕಕ್ಕಿಡಿಸಿ ಪೆನ್ನು ಕೇಳಿದೆ. ನನ್ನ ಹೆಸರಿನ ಕೆಳಗೆ ಉಳಿದಿದ್ದ ಜಾಗದಲ್ಲಿ ಬರೆದೆ: ಕಲಿಸಿದವರು, ಶಿವಮಾದು, ಸೋಸಲೆ.