ಹೊಗೆಸೊಪ್ಪಿನ ಹದಕ್ಕೆ ಇಟ್ಟ ಪಿಯಾನೋ

ಪಿಯಾನೋಗೆ ಕೊಟ್ಟದ್ದು ಹದಿನೆಂಟು ಸಾವಿರ, ರಿಪೇರಿಗೆ ತೆತ್ತದ್ದು ಇಪ್ಪತ್ತೆರಡು. ಹೀಗಾದದ್ದು ಒಂದೇ ಒಂದು ಪದದಿಂದ: ಹದ.

ಹುಣಸೂರಿನಲ್ಲಿ ಹಳೇ ಮರದ ಸಾಮಾನು ಕೊಂಡು ಮಾರುವವನು ನಾನು. ಒಂದು ಹಳೇ ಬಾಗಿಲು ಮಾರಿ ಶುರು ಮಾಡಿದವನು. ಚೌಕಾಸಿಯಲ್ಲಿ ಸೋತ ನೆನಪಿಲ್ಲ. ಪಿರಿಯಾಪಟ್ಟಣದಾಚೆ ಒಂದು ಎಸ್ಟೇಟ್ ಬಂಗಲೆ ಖಾಲಿಯಾದಾಗ, ಗೋಡೆಗೊರಗಿಸಿ ನಿಲ್ಲಿಸುವ ಜಾತಿಯ ಈ ಪಿಯಾನೋ ಸಿಕ್ಕಿತು. ಎಚ್.ಡಿ. ಕೋಟೆಯ ಶಾಲೆಯೊಂದರ ಸಂಗೀತದ ಟೀಚರ್ ಕೊಳ್ಳಲು ಒಪ್ಪಿದರು. ಅವರ ಶಾಲೆಯ ಮಕ್ಕಳು ರಟ್ಟಿನ ಮೇಲೆ ಪಿಯಾನೋದಲ್ಲಿ ಬೆರಳಿಂದ ಒತ್ತುವ ಕಪ್ಪು ಬಿಳಿ ಮನೆ ಬರೆದುಕೊಂಡು ಬೆರಳಾಡಿಸಿ ಕಲಿಯುತ್ತಿದ್ದರು. ಶಾಲಾ ವಾರ್ಷಿಕೋತ್ಸವಕ್ಕೆ ನುಡಿಯುವ ಪಿಯಾನೋ ತಂದಿಡುತ್ತೇನೆಂದು ಮಾತು ಕೊಟ್ಟೆ.

ಆದರೆ ಒತ್ತಿದ ಕೆಲವು ಮನೆಗಳು ಮೇಲೇಳದೆ ಅಲ್ಲೇ ಕೂರುತ್ತಿದ್ದವು. ಮೈಸೂರಿನ ರಿಪೇರಿಯವರಿಗೆ ಫೋನು ಮಾಡಿದೆ.

"ಥಂಡಿ ಹಿಡಿದಿದೆ ಸ್ವಾಮಿ. ಬರೀ ಶ್ರುತಿ ಮಾಡಿದ್ರೆ ಸಾಲ್ದು, ಒಳಗೆ ತಂತಿಗೆ ಬಡಿಯೋ ಸುತ್ತಿಗೆಗಳನ್ನೆಲ್ಲ ಹದ ಮಾಡ್ಬೇಕು. ಹನ್ನೆರಡು ಸಾವಿರ ಆಗುತ್ತೆ."

ನಮ್ಮ ಕಡೆ ಹದ ಮಾಡುವುದೆಂದರೆ ಹಸಿ ಹೊಗೆಸೊಪ್ಪನ್ನು ಬ್ಯಾರನ್ ಅನ್ನುವ ಮುಚ್ಚಿದ ಕೋಣೆಯೊಳಗೆ ಕಟ್ಟಿ, ಸೌದೆ ಉರಿಸಿ ಬಿಸಿ ಕೊಡುವುದು. ಅಷ್ಟಕ್ಕೆ ಹನ್ನೆರಡು ಸಾವಿರವೇ ಅಂತ ಫೋನಿಟ್ಟೆ. ಹನಗೋಡಿನ ಗೆಳೆಯನ ಬ್ಯಾರನ್ ಖಾಲಿ ಇತ್ತು. ಪಿಯಾನೋವನ್ನು ಅಲ್ಲಿಗೆ ಸಾಗಿಸಿದೆ.

"ಸೊಪ್ಪು ಬೇಯೋ ಜಾಗದಲ್ಲಿ ಸಂಗೀತ ಬೇಯಿಸ್ತೀಯೇನ್ಲಾ?" ಅಂತ ನಕ್ಕ.

"ಸುಮ್ಕೆ ಸೌದೆ ಆಕು ಕಣ್ಲಾ. ಸಣ್ಣುರಿ ಸಾಕು."

ಮೂರನೇ ದಿನ ಬೆಳಗ್ಗೆ ಬಾಗಿಲು ತೆಗೆದು ಒಂದು ಮನೆ ಒತ್ತಿದೆ. ಲಟಲಟ ಅಂತು. ಮುಂದಿನ ಹಲಗೆ ಕಳಚಿದರೆ ಸುತ್ತಿಗೆಗಳೆಲ್ಲ ಅಲ್ಲಾಡುತ್ತಿವೆ. ನಾಲ್ಕರ ತಲೆ ಗೋಂದು ಬಿಟ್ಟು ಉದುರಿವೆ. ನಾದ ಹೊಮ್ಮುವ ಹಿಂದಿನ ಹಲಗೆಯಲ್ಲಿ ಬೆರಳುದ್ದ ಸೀಳು. ಗೆಳೆಯನೂ ನಗಲಿಲ್ಲ. ವಾರ್ಷಿಕೋತ್ಸವಕ್ಕೆ ಒಂಬತ್ತೇ ದಿನ.

ರಿಪೇರಿಯವರು ಬಂದು ನೋಡಿದರು. "ಇದನ್ನ ಎಲ್ಲಿಟ್ಟಿದ್ರಿ?"

"ಬ್ಯಾರನ್ನಲ್ಲಿ. ನೀವೇ ಅಲ್ವಾ ಹದ ಮಾಡ್ಬೇಕು ಅಂದಿದ್ದು?"

ಸ್ಕ್ರೂಡ್ರೈವರ್ ಹಿಡಿದೇ ನೆಲಕ್ಕೆ ಕೂತುಬಿಟ್ಟರು. "ಅಯ್ಯೋ, ನಾನು ಹೇಳಿದ್ದು ಒಂದೊಂದು ಸುತ್ತಿಗೆಗೂ ಅಳತೆ ಕೂಡಿಸೋ ಹದ ಸ್ವಾಮಿ!"

ಏಳು ದಿನ ಕೂತು ಸ್ಕ್ರೂ ಬಿಗಿ ಮಾಡಿದರು, ತಲೆ ಅಂಟಿಸಿದರು, ಸಡಿಲ ತೆಗೆದರು. ಅವರು ಕೇಳಿದ ಇಪ್ಪತ್ತೆರಡು ಸಾವಿರವನ್ನು ಚೌಕಾಸಿ ಮಾಡದೆ ಎಣಿಸಿ ಕೊಟ್ಟೆ. ಸೀಳು ಹಾಗೇ ಉಳಿಯಿತು.

ಟೀಚರಿಗೆ ಎಲ್ಲ ಹೇಳಿ, ಕೊಂಡ ಬೆಲೆಗೇ ತಗೊಳ್ಳಿ ಮೇಡಂ ಅಂದೆ. ಅವರು ಬಾಯಿ ಮೇಲೆ ಕೈಯಿಟ್ಟುಕೊಂಡು ಕೇಳಿಸಿಕೊಂಡರು. ಆಮೇಲೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದು ಮನೆಯನ್ನೂ ಬಿಡದೆ ಒತ್ತಿದರು. ಎಲ್ಲವೂ ಮೇಲೆದ್ದವು.

"ಮಕ್ಕಳು ನುಡಿಸ್ಬಹುದು. ಈ ಸೊಪ್ಪಿನ ವಾಸನೆ ಮಾತ್ರ ಹೋಗಲ್ಲ, ಅಲ್ವಾ ಸಾರ್?"

ನೀವು ಹಳೇ ಪಿಯಾನೋ ಕೊಳ್ಳುವುದಾದರೆ ಬೆಲೆ ಮಾತಾಡುವ ಮೊದಲು ಪ್ರತಿ ಮನೆಯನ್ನೂ ನಿಧಾನವಾಗಿ ಒತ್ತಿ. ಕೆಳಗೆ ಹೋದದ್ದು ಮೇಲೆ ಬರದಿದ್ದರೆ ಥಂಡಿ ಇರಬಹುದು. ಮನೆ ಸ್ವಲ್ಪ ಇಳಿದ ಮೇಲಷ್ಟೇ ಸುತ್ತಿಗೆ ಅಲ್ಲಾಡಿದರೆ ಅವೆರಡರ ನಡುವೆ ಸಡಿಲವಿದೆ. ಎರಡೂ ಕಸುಬಿನವರ ಕೆಲಸ. ಬಿಸಿಲಿಗಿಡಬೇಡಿ, ಎಣ್ಣೆ ಬಿಡಬೇಡಿ. ಕಸುಬಿನವನ ಬಾಯಲ್ಲಿ ನಿಮಗೆ ಗೊತ್ತಿರುವ ಪದ ಬಂದರೆ, "ಅಂದ್ರೆ ಏನ್ ಮಾಡ್ತೀರಿ?" ಅಂತ ಒಂದು ಸಲ ಕೇಳಿ. ಚೌಕಾಸಿ ಆಮೇಲೆ.