ಕಂಡರೆ ಮಾತ್ರ ಒತ್ತಿ

ಕಳೆದ ವಾರ ಕಣ್ಣಿನ ಡಾಕ್ಟರ ಕತ್ತಲೆ ಕೋಣೆಯಲ್ಲಿ ಕೂತಿದ್ದೆ. ಗದ್ದ ಇಡುವ ಪಟ್ಟಿಯನ್ನು ಆಗಷ್ಟೇ ಸ್ಪಿರಿಟ್ಟಿನಲ್ಲಿ ಒರೆಸಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಗೆ ಕೊಟ್ಟಿದ್ದ ಗುಂಡಿಯನ್ನು ನನ್ನ ಹೆಬ್ಬೆರಳು ತಾನಾಗಿಯೇ ಒತ್ತಿಬಿಟ್ಟಿತು. "ಮೇಡಂ, ನಾನಿನ್ನೂ ಶುರುನೇ ಮಾಡಿಲ್ಲ" ಎಂದಳು ಮಿಷನ್ನಿನ ಹುಡುಗಿ. ನಗು ಬಂತು. ಜೀವಮಾನವೆಲ್ಲ ಕಾಪಿ ಹೊಡೆಯುವ ಮಕ್ಕಳನ್ನು ಹಿಡಿದ ಟೀಚರು ನಾನು. ಪ್ರಶ್ನೆ ಬರುವ ಮೊದಲೇ ಉತ್ತರ ಕೊಟ್ಟಿದ್ದೆ. ಇದು ನನ್ನೊಬ್ಬಳ ತಪ್ಪಲ್ಲ, ವಂಶದ್ದು. ನಮ್ಮ ದೊಡ್ಡಪ್ಪನ ಕತೆ ಕೇಳಿದರೆ ನೀವೂ ಒಪ್ಪುತ್ತೀರಿ.

ದೊಡ್ಡಪ್ಪ ತರೀಕೆರೆ, ಅಜ್ಜಂಪುರದ ನಡುವೆ ಓಡುವ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದರು. ಕಂಡಕ್ಟರ್ "ರೈಟ್ ರೈಟ್" ಎಂದು ಎಷ್ಟು ಬಡಿದುಕೊಂಡರೂ, ಇಳಿಯುವ ಮುದುಕಿಯ ಎರಡೂ ಕಾಲು ನೆಲ ಮುಟ್ಟಿದ್ದು ಪಕ್ಕದ ಕನ್ನಡಿಯಲ್ಲಿ ಕಾಣುವವರೆಗೆ ಬಸ್ಸು ಕದಲಿಸುತ್ತಿರಲಿಲ್ಲ. ಹಾಗಾಗಿ ಅವರ ಬಸ್ಸು ಯಾವತ್ತೂ ತಡ. ಅದನ್ನು ನಂಬಿಕೊಂಡೇ ಮನೆಯಿಂದ ನಿಧಾನವಾಗಿ ಹೊರಡುವ ಸೋಮಾರಿಗಳ ಒಂದು ದಂಡೇ ಇತ್ತು, ಅದರಲ್ಲಿ ನಾನೂ ಒಬ್ಬಳು.

ಇಂಥ ಮನುಷ್ಯ ಕಣ್ಣಿನ ಪರೀಕ್ಷೆಯಲ್ಲಿ ಮಾತ್ರ ಶುದ್ಧ ಕಳ್ಳ. ಬಸ್ಸಿನ ಮಾಲೀಕ ವರ್ಷಕ್ಕೊಮ್ಮೆ ಡ್ರೈವರುಗಳನ್ನೆಲ್ಲ ಕಣ್ಣು ತೋರಿಸಲು ಕಳಿಸುತ್ತಿದ್ದನಂತೆ. ಒಳಗೆ ಹೋಗಿ ಬಂದವನು ಬೋರ್ಡಿನ ಅಕ್ಷರಗಳನ್ನು ಬೆಂಚಿನ ಮೇಲೆ ಕೂತವರ ಕಿವಿಯಲ್ಲಿ ಪಿಸುಗುಟ್ಟಿ ಹೋಗುವುದು ಅವರಲ್ಲಿ ನಡೆದುಬಂದ ಪದ್ಧತಿ. ದೊಡ್ಡಪ್ಪನ ಕಣ್ಣು ಆಗ ಚೆನ್ನಾಗಿಯೇ ಇತ್ತು, ಆದರೂ ಬಾಯಿಪಾಠ ಮಾಡಿಕೊಂಡೇ ಒಳಗೆ ಹೋಗುತ್ತಿದ್ದರು. ಆ ಕೊನೇ ಸಾಲಿನ ಇಂಗ್ಲಿಷ್ ಅಕ್ಷರಗಳನ್ನು ನಮಗೂ ಕಲಿಸಿದ್ದರು.

ಕೆಲಸ ಬಿಟ್ಟ ಮೇಲೆ ಕಡೂರಿನ ಒಂದು ಕಣ್ಣಿನ ಶಿಬಿರದಲ್ಲಿ ಅವರಿಗೆ ಗ್ಲಾಕೋಮಾ ಶುರುವಾಗಿದೆ ಎಂದು ಗೊತ್ತಾಯಿತು. ಕಣ್ಣಿನ ನರ ಸವೆಯುತ್ತಾ, ನೋಟ ಅಂಚಿನಿಂದ ಸದ್ದಿಲ್ಲದೆ ಕರಗುವ ಕಾಯಿಲೆ. ಹೋದ ನೋಟ ಮತ್ತೆ ಬರುವುದಿಲ್ಲ. ಅಲ್ಲಿದ್ದ ಡಾಕ್ಟರಮ್ಮ ಒಂದು ಸ್ಟಡಿ ಮಾಡುತ್ತಿದ್ದರು. "ಕಣ್ಣಿನೊಳಗಿನ ಒತ್ತಡ ಇಳಿಸಿದ್ರೆ ಈ ಕಾಯಿಲೆ ನಿಧಾನ ಆಗುತ್ತೆ ಅಂತ ನಾವೆಲ್ಲ ನಂಬ್ಕೊಂಡಿದೀವಿ. ನಿಜವಾಗ್ಲೂ ಆಗುತ್ತಾ ಅಂತ ನೋಡ್ಬೇಕು" ಎಂದರು. ಅರ್ಧ ಜನರಿಗೆ ಈಗಲೇ ಡ್ರಾಪ್ಸ್, ಇನ್ನರ್ಧ ಜನರನ್ನು ಸುಮ್ಮನೆ ಗಮನಿಸುವುದು. ಯಾರದೇ ನೋಟ ಕುಗ್ಗಿದ್ದು ಕಂಡರೂ ಅವತ್ತಿನಿಂದಲೇ ಡ್ರಾಪ್ಸ್. ದೊಡ್ಡಪ್ಪ ಖುಷಿಯಿಂದ ಸಹಿ ಹಾಕಿದರು. ಅವರ ಪಾಲಿಗೆ ಬಂದದ್ದು ಗಮನಿಸುವ ಗುಂಪು.

ಮೂರು ತಿಂಗಳಿಗೊಮ್ಮೆ ಡಾಕ್ಟರಮ್ಮ ಮಿಷನ್ ಸಮೇತ ತರೀಕೆರೆಗೆ ಬರುತ್ತಿದ್ದರು. ದೊಡ್ಡಪ್ಪನನ್ನು ಕರೆದುಕೊಂಡು ಹೋಗುವುದು ನನ್ನ ಕೆಲಸ. ಹೋದ ತಕ್ಷಣ ಅವರು ಒಳಗಿಂದ ಬಂದವರ ಪಕ್ಕ ಸರಿದು ಕೂರುವರು: "ಏನಪ್ಪಾ, ಒಳಗೆ ಏನೇನ್ ಕೇಳಿದ್ರು?" ಪಾಪ, ಅಲ್ಲಿ ಅಕ್ಷರವೇ ಇಲ್ಲ. ಒಂದು ಬಿಳಿ ಬಟ್ಟಲಿನೊಳಗೆ ಮುಖ ಇಟ್ಟು ಕೂರಬೇಕು, ಅಲ್ಲೊಂದು ಇಲ್ಲೊಂದು ಬೆಳಕಿನ ಚುಕ್ಕೆ ಮಿನುಗುತ್ತದೆ, ಕಂಡರೆ ಗುಂಡಿ ಒತ್ತಬೇಕು.

ಎರಡನೇ ಸಲ, ಅದೇ ಸ್ಪಿರಿಟ್ಟಿನ ವಾಸನೆ ಬರುತ್ತಿದ್ದ ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡೆ. ಟಕ್, ಟಕ್, ಟಕ್. ಗಡಿಯಾರದ ಹಾಗೆ ಒಂದೇ ಸಮ. ಇದು ಕಂಡು ಒತ್ತುವ ಸದ್ದಲ್ಲ ಎನ್ನಿಸಿತು. ಅಷ್ಟರಲ್ಲಿ ಡಾಕ್ಟರಮ್ಮ ಕಾಗದ ಹಿಡಿದು ಬಂದು, "ಬೆಳಕೇ ಇಲ್ದಾಗ್ಲೂ ಒತ್ತಿದಾರೆ. ಹೀಗಾದ್ರೆ ಇವ್ರ ನೋಟ ಹೋಗ್ತಾ ಇದ್ರೂ ನಂಗೆ ಗೊತ್ತಾಗಲ್ಲ" ಎಂದರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಜಗಳವಾಯಿತು.

"ಸರ್ವೀಸಲ್ಲಿ ಒಂದ್ಸಲಾನೂ ಫೇಲಾಗಿಲ್ಲ ಕಣೇ ನಾನು" ಎಂದರು, ಎದೆ ಸೆಟೆಸಿ.

"ಇಲ್ಲಿ ಫೇಲಾದ್ರೆ ಏನೂ ಹೋಗಲ್ಲ ದೊಡ್ಡಪ್ಪ. ಸುಳ್ಳು ಹೇಳಿ ಪಾಸಾದ್ರೆ ಕಣ್ಣೇ ಹೋಗುತ್ತೆ."

"ಅಷ್ಟು ಕಷ್ಟಪಟ್ಟು ಮಿಷನ್ ಹೊತ್ಕೊಂಡ್ ಬತ್ತದೆ ಆ ಹೆಣ್ಮಗು. ಏನೂ ಕಾಣ್ಲಿಲ್ಲ ಅಂತ ಹೆಂಗ್ ಹೇಳ್ಲಿ?"

ನನಗೆ ಸಿಟ್ಟು ನೆತ್ತಿಗೇರಿತು. "ಕನ್ನಡಿ ನೋಡ್ದೆ ಯಾವತ್ತಾದ್ರೂ ಬಸ್ ಬಿಟ್ಟಿದ್ರಾ ನೀವು? ಈಗ ಮಾಡ್ತಿರೋದು ಅದೇ."

ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ದೊಡ್ಡಪ್ಪ ಕಿಟಕಿ ಕಡೆ ಮುಖ ಮಾಡಿದವರು ಅಜ್ಜಂಪುರ ಬರುವವರೆಗೂ ಈ ಕಡೆ ತಿರುಗಲಿಲ್ಲ. ನನಗಾದರೂ ನಾಲಿಗೆ ಇಷ್ಟು ಉದ್ದ ಯಾಕೆ ಎಂದು ರಾತ್ರಿ ಊಟ ಸೇರಲಿಲ್ಲ.

ಮುಂದಿನ ಸಲ ಅವರು ಬೆಂಚಿನ ಮೇಲೆ ಯಾರನ್ನೂ ಏನೂ ಕೇಳಲಿಲ್ಲ. ಒಳಗೆ ಹೋದರು. ಒಂದು ಟಕ್. ಆಮೇಲೆ ಮೌನ. ಮತ್ತೆ ಎರಡು ಟಕ್. ಮತ್ತೆ ಮೌನ, ಎಷ್ಟು ಹೊತ್ತೆಂದರೆ ನಾನೇ ಒಳಗೆ ನುಗ್ಗಿ ಆ ಗುಂಡಿ ಒತ್ತಿಬಿಡೋಣ ಅನ್ನಿಸಿತು. ಹೊರಗೆ ಬಂದಾಗ ಮುಖ ಬೆವೆತಿತ್ತು. ನನ್ನ ಪಕ್ಕ ಕೂತು, "ಒಂದೊಂದ್ ಕಡೆ ಏನೂ ಇಲ್ವೇ ಇಲ್ಲ ಕಣೇ" ಎಂದರು. ಗುಂಡಿ ಒತ್ತಿದ್ದ ಅವರ ಕೈ ಹಿಡಿದುಕೊಂಡು ಕೂತೆ. ಅಷ್ಟು ಪ್ರೀತಿ ನನಗೆ ಅವರ ಮೇಲೆ ಅದಕ್ಕೂ ಮೊದಲು ಬಂದಿರಲಿಲ್ಲ.

ಸ್ವಲ್ಪ ದಿನಕ್ಕೇ ಇನ್ನೊಮ್ಮೆ ಪರೀಕ್ಷೆ ಮಾಡಿ, ನೋಟ ಕುಗ್ಗಿರುವುದು ಖಾತ್ರಿಯಾದ ಮೇಲೆ ಡ್ರಾಪ್ಸ್ ಕೊಟ್ಟರು. ಒತ್ತಡ ಇಳಿಯಿತು. ದೊಡ್ಡಪ್ಪ ಕೊನೆಯವರೆಗೂ ಪೇಪರ್ ಓದಿದರು, ಮನೆಗೆ ಬಂದವರ ಚಪ್ಪಲಿ ನೋಡಿ ಯಾರೆಂದು ಹೇಳಿದರು. ಅದೆಲ್ಲ ಡ್ರಾಪ್ಸಿನಿಂದಲೇ ಎಂದು ನಾನು ಹೇಳಲಾರೆ. ಒಬ್ಬರ ಕಣ್ಣು ನೋಡಿ ಹಾಗೆಲ್ಲ ಹೇಳಲಾಗದು ಎಂದೇ ಅಷ್ಟು ಜನರನ್ನು ಸೇರಿಸಿದ್ದು ಎಂದು ಡಾಕ್ಟರಮ್ಮ ಹೇಳುತ್ತಿದ್ದರು. ಒತ್ತಡ ಇಳಿಸುವುದರಿಂದ ಕಾಯಿಲೆ ನಿಧಾನವಾಗುತ್ತದೆ ಎಂದು ಈಗ ಡಾಕ್ಟರುಗಳು ಅನುಮಾನವಿಲ್ಲದೆ ಹೇಳುತ್ತಾರೆ. ಅದನ್ನು ಕೇಳಿದಾಗೆಲ್ಲ ದೊಡ್ಡಪ್ಪನ ಟಕ್‌ಗಳ ನಡುವಿನ ಆ ಮೌನ ನೆನಪಾಗುತ್ತದೆ.

ಈ ಕಾಯಿಲೆ ಮನೆತನದಲ್ಲಿ ಹರಿದು ಬರುವುದುಂಟಂತೆ. ಈಗ ನನ್ನ ಸರದಿ. ಕಳೆದ ವಾರ ಆ ಹುಡುಗಿ, "ಕಂಡ್ರೆ ಮಾತ್ರ ಒತ್ತಿ ಮೇಡಂ" ಎಂದು ದೀಪ ಆರಿಸಿದಳು. ಚುಕ್ಕೆಗಳು ಬಂದವು, ಒತ್ತಿದೆ. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಬಂದಿರಬೇಕು, ಬಂದೇ ಇರಬೇಕು ಎಂದು ಹೆಬ್ಬೆರಳು ತವಕಿಸಿತು. ಹೆದರಿಕೆಯಾಯಿತು. ಒತ್ತಲಿಲ್ಲ.

ಹೊರಗೆ ಬೆಂಚಿನ ಮೇಲೆ ಚೌಳಹಿರಿಯೂರಿನ ಕಡೆಯ ಒಬ್ಬಾಕೆ ಸೆರಗು ಹಿಂಡುತ್ತಾ ಕೂತಿದ್ದರು. ನನ್ನನ್ನು ಕಂಡವರೇ ಪಕ್ಕಕ್ಕೆ ಸರಿದು ಜಾಗ ಮಾಡಿ, "ಒಳಗೆ ಏನ್ ಕೇಳ್ತಾರಕ್ಕಾ? ಒಂಚೂರು ಹೇಳ್ಕೊಡಿ" ಎಂದು ಪಿಸುಗುಟ್ಟಿದರು.

ಕೂತೆ. ಅವರ ಕಿವಿಯ ಹತ್ತಿರ ಬಾಗಿ, "ಕಾಣ್ದಿದ್ರೆ ಕಾಣ್ಲಿಲ್ಲ ಅಂತ ಬಿಟ್ಬಿಡಿ" ಎಂದೆ.