ನಾಲ್ಕು ಇಂಚು ಅರವತ್ತೆರಡು ಸೆಂಟು

ಇಂಥ ಕತೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಚಾರ್ಮಾಡಿ ಘಾಟಿಯಲ್ಲಿ ಬಿಳಿ ಸೀರೆಯವಳು ಬೈಕಿಗೆ ಕೈ ಅಡ್ಡ ಹಿಡಿದಳು ಅಂತ ಯಾರಾದರೂ ಶುರು ಮಾಡಿದರೆ, ಅವತ್ತು ಎಷ್ಟು ಹಾಕಿದ್ದಿರಿ ಅಂತ ಮುಖಕ್ಕೇ ಕೇಳಿಬಿಡುತ್ತಿದ್ದೆ. ನನ್ನ ಬಾಯಿ ಹಾಗೆ. ಮೂಡಿಗೆರೆಯಲ್ಲಿ ಝೆರಾಕ್ಸ್ ಮತ್ತು ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದೇನೆ. ದಿನವಿಡೀ ಪಹಣಿ, ಅರ್ಜಿ, ಪಾಸ್‌ಪೋರ್ಟ್ ಸೈಜಿನ ಫೋಟೋ. ಯಂತ್ರ ಕೈಕೊಟ್ಟರೆ ಅದಕ್ಕೊಂದು ಕಾರಣ ಇರುತ್ತದೆ, ತಾಳ್ಮೆಯಿಂದ ಹುಡುಕಿದರೆ ಸಿಗುತ್ತದೆ ಅನ್ನುವುದು ನನ್ನ ಕಸುಬು ಕಲಿಸಿದ್ದು. ಈಗ ಹೇಳಹೊರಟಿರುವುದಕ್ಕೆ ಮಾತ್ರ ವರ್ಷಗಟ್ಟಲೆ ಕಾರಣ ಹುಡುಕಿ ಸೋತಿದ್ದೇನೆ. ನಗುವವರು ನಗಲಿ, ನಾನೂ ಎಷ್ಟೋ ಜನರನ್ನು ನೋಡಿ ನಕ್ಕವಳೇ.

ನನ್ನ ಅಪ್ಪ ಬಣಕಲ್ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ ಬರೆಯುವುದು, ಗೊಬ್ಬರದ ಮೂಟೆ ಎಣಿಸುವುದು ಎಲ್ಲ ಅವರದೇ. ಅದರ ಜೊತೆಗೆ ಬೆಳಿಗ್ಗೆ ಎಂಟು ಗಂಟೆಗೆ ಸರಿಯಾಗಿ ಮಳೆ ಅಳೆಯುವ ಕೆಲಸ. ಆಫೀಸಿನ ಎದುರು ನೆಟ್ಟ ಮಳೆಮಾಪಕದಲ್ಲಿ ನಿಂತ ನೀರನ್ನು ಗೀಟು ಹಾಕಿದ ಗಾಜಿನ ಲೋಟಕ್ಕೆ ಬಗ್ಗಿಸಿ, ಇಷ್ಟು ಇಂಚು ಇಷ್ಟು ಸೆಂಟು ಅಂತ ಮಳೆ ಪುಸ್ತಕದಲ್ಲಿ ಬರೆಯಬೇಕು. ನೂರು ಸೆಂಟಿಗೆ ಒಂದು ಇಂಚು. ಇವತ್ತು ಬೆಳಿಗ್ಗೆ ಅಳೆದದ್ದು ನಿನ್ನೆಯ ಮಳೆ, ಹಾಗಾಗಿ ನಿನ್ನೆಯ ತಾರೀಖಿನ ಎದುರಿಗೇ ಬರೆಯುವುದು ನಮ್ಮ ಎಸ್ಟೇಟಿನ ರೂಢಿ. ನಮ್ಮ ಕಡೆ ಮಳೆಗಾಲದಲ್ಲಿ ಯಾರು ಎದುರಾದರೂ ಊಟ ಆಯ್ತಾ ಅಂತ ಕೇಳುವ ಮೊದಲು ನಿಮ್ಮಲ್ಲಿ ಎಷ್ಟು ಇಂಚು ಅಂತ ಕೇಳುತ್ತಾರೆ.

ಪೂರ್ಣಿಮಾ ನನ್ನ ಜೊತೆ ಪಿಯುಸಿ ಓದುತ್ತಿದ್ದಳು. ಎಲ್ಲರಿಗೂ ಅವಳು ಪೂರ್ಣಿ. ನಮ್ಮ ಕ್ವಾರ್ಟರ್ಸಿನಿಂದ ಹಳ್ಳ ದಾಟಿದರೆ ಅವರ ಮನೆ, ಎರಡು ಎಕರೆ ತೋಟದ ಸಣ್ಣ ಬೆಳೆಗಾರರು. ನಾನು ಮಾತಿಗೆ ಮೊದಲೇ ಸಿಟ್ಟಾಗುವವಳು, ಅವಳು ಸಿಟ್ಟಾದವರನ್ನು ಇನ್ನಷ್ಟು ರೇಗಿಸಿ ಕಿಸಿಕಿಸಿ ನಗುವವಳು. ಹೇಗೆ ಅಷ್ಟು ಹೊಂದಿಕೊಂಡೆವೋ ದೇವರಿಗೇ ಗೊತ್ತು. ಅವಳನ್ನು ಬಿಟ್ಟರೆ ನನಗೆ ಬೇರೆ ಸ್ನೇಹಿತೆಯರೇ ಇರಲಿಲ್ಲ, ಆಮೇಲೂ ಆಗಲಿಲ್ಲ.

ನನ್ನ ಅತ್ತೆಯ ಮಗ ತನ್ನ ಹಳೇ ಲ್ಯಾಪ್‌ಟಾಪನ್ನು ನನಗೆ ಕೊಟ್ಟಿದ್ದ. ಅದರಲ್ಲಿ ಒಂದು ಇಂಗ್ಲಿಷ್ ಆಟವಿತ್ತು. ಗುಂಡು ಹಾರಿಸುವ, ಕಾರು ಓಡಿಸುವ ಆಟವಲ್ಲ, ಕತೆಯ ಆಟ. ಯಾವುದೋ ಚಳಿಯ ಊರು, ನಮ್ಮದೇ ವಯಸ್ಸಿನ ಇಬ್ಬರು ಹುಡುಗಿಯರು. ಒಬ್ಬಳು ಒಂದು ಶುಕ್ರವಾರ ಕಾಣೆಯಾಗುತ್ತಾಳೆ. ಇನ್ನೊಬ್ಬಳಿಗೆ ಕಾಲದಲ್ಲಿ ಹಿಂದಕ್ಕೆ ಹೋಗುವ ಶಕ್ತಿ ಬರುತ್ತದೆ. ಪ್ರತಿ ಸಲ ಹಿಂದೆ ಹೋಗಿ ಒಂದೊಂದೇ ಸುಳಿವು ಹುಡುಕಬೇಕು. ಆದರೆ ಹಾಗೆ ಹೋದಾಗಲೆಲ್ಲ ಗೆಳತಿಯ ಕುರಿತ ಒಂದು ನೆನಪು ಅಳಿಸಿಹೋಗುತ್ತದೆ. ಇವತ್ತು ಅವಳ ಧ್ವನಿ, ನಾಳೆ ಅವಳ ಮನೆಯ ದಾರಿ, ಹೀಗೆ. ಅಳಿಯದೆ ಉಳಿಯುವುದು ಒಂದು ನೋಟ್‌ಬುಕ್ ಮಾತ್ರ. ಅದರಲ್ಲಿ ಆಡುವವರು ತಮಗೆ ಬೇಕಾದ್ದನ್ನು ಟೈಪ್ ಮಾಡಿ ಇಡಬಹುದು.

ಆ ನೋಟ್‌ಬುಕ್ಕನ್ನು ನಾವು ಆಟಕ್ಕಿಂತ ಹೆಚ್ಚಾಗಿ ಹರಟೆಗೆ ಬಳಸಿದೆವು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡಿ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದೆವು. ಮೌಸ್ ಒಂದೇ ಇದ್ದದ್ದರಿಂದ ಯಾರು ಹಿಡಿಯಬೇಕು ಅಂತ ದಿನಾ ಜಗಳ. ಕೊನೆಗೆ ಪೂರ್ಣಿಯೇ ಒಂದು ಪಂದ್ಯ ಕಟ್ಟಿದಳು. ಆಡಲು ಕೂತ ದಿನ ಇಬ್ಬರೂ ಅವತ್ತಿನ ಮಳೆ ಎಷ್ಟಾಗಬಹುದು ಅಂತ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಮಾರನೇ ಬೆಳಿಗ್ಗೆ ಅಪ್ಪ ಅಳೆದ ಮೇಲೆ ಯಾರದ್ದು ಹತ್ತಿರವೋ ಅವರಿಗೆ ಮುಂದಿನ ಸಲ ಮೌಸ್. ಮೌಸ್ ಹಿಡಿದವರು ಆಟದಲ್ಲಿ ಏನು ನಿರ್ಧಾರ ಮಾಡಿದರೂ ಇನ್ನೊಬ್ಬರು ತಕರಾರು ಎತ್ತುವ ಹಾಗಿಲ್ಲ. ಒಂದು, ಒಂದೂಕಾಲು, ಎರಡೂವರೆ ಅಂತ ಬರೆಯುತ್ತಿದ್ದೆವೇ ಹೊರತು ಸೆಂಟಿನ ಲೆಕ್ಕದಲ್ಲಿ ಯಾವತ್ತೂ ಬರೆದದ್ದಿಲ್ಲ.

ನಾವು ಎರಡನೇ ಪಿಯುಸಿಗೆ ಬಂದ ವರ್ಷ, ಪುನರ್ವಸು ಮಳೆ ಹಿಡಿದಿತ್ತು. ಒಂದು ಭಾನುವಾರ ಮಧ್ಯಾಹ್ನ ಪೂರ್ಣಿ ಬಂದಳು. ನಾನು ಒಂದೂವರೆ ಬರೆದೆ, ಅವಳು ಎರಡು ಬರೆದಳು. ಅವತ್ತು ಮೌಸ್ ನನ್ನ ಕೈಯಲ್ಲಿತ್ತು. ಆಟ ಕೊನೆಯ ಘಟ್ಟಕ್ಕೆ ಬಂದಿತ್ತು. ಪರದೆಯ ಮೇಲೆ ಎರಡೇ ಸಾಲು: ಹಿಂದೆ ಹೋಗು, ಇಲ್ಲೇ ಇರು. ಹಿಂದೆ ಹೋದರೆ ಗೆಳತಿ ಬದುಕುತ್ತಾಳೆ, ಆದರೆ ಇವಳಿಗೆ ಅವಳು ಯಾರೆಂಬುದೇ ಮರೆತುಹೋಗುತ್ತದೆ, ನೋಟ್‌ಬುಕ್ಕೂ ಅಳಿಸಿಹೋಗುತ್ತದೆ. ಇಲ್ಲೇ ಇದ್ದರೆ ನೆನಪು ಉಳಿಯುತ್ತದೆ, ಗೆಳತಿ ಉಳಿಯುವುದಿಲ್ಲ.

ಹಿಂದೆ ಹೋಗು ಅಂತ ಒತ್ತು ಅಂದಳು ಪೂರ್ಣಿ. ನಾನು ಒಪ್ಪಲಿಲ್ಲ. ಇಷ್ಟು ದಿನ ಕಷ್ಟಪಟ್ಟು ಹುಡುಕಿದ್ದು ಮರೆಯುವುದಕ್ಕಾ ಅಂತ ವಾದ ಹೂಡಿದೆ.

"ಅವಳು ಬದುಕಿರ್ತಾಳಲ್ಲೇ, ಅಷ್ಟು ಸಾಲ್ದಾ ನಿಂಗೆ?" ಅಂದಳು.

"ಗುರ್ತೇ ಇಲ್ಲದ ಮೇಲೆ ಬದುಕಿದ್ರೆಷ್ಟು, ಬಿಟ್ರೆಷ್ಟು?" ಅಂದೆ.

ಅವಳು ಯಾವತ್ತಿನ ಹಾಗೆ ನಗಲಿಲ್ಲ. ನೀನು ಬರೀ ನಿನ್ನದನ್ನೇ ನೋಡುವವಳು ಅಂದುಬಿಟ್ಟಳು. ನನಗೆ ಸಿಟ್ಟು ತಲೆಗೇರಿತು. ಮನೆಗೆ ಹೋಗು ಮಾರಾಯ್ತಿ, ಇನ್ನು ಬರಲೇಬೇಡ ಅಂತ ಹೇಳಿ ಎದ್ದು ಅಡಿಗೆಮನೆಗೆ ಹೋಗಿ ಕೂತೆ. ಐದು ನಿಮಿಷ ಬಿಟ್ಟು ಬಂದು ನೋಡಿದರೆ ಲ್ಯಾಪ್‌ಟಾಪ್ ಮುಚ್ಚಿತ್ತು, ಅವಳು ಇರಲಿಲ್ಲ. ಕಾಫಿ ಕುಡಿದು ಹೋಗು ಅಂತ ಅಮ್ಮ ಅಂಗಳದಿಂದ ಕೂಗಿದ್ದರಂತೆ, ತಿರುಗಿಯೂ ನೋಡಲಿಲ್ಲವಂತೆ.

ಅಮ್ಮನಿಗೆ ಸಮಾಧಾನವಿರಲಿಲ್ಲ. ಒಬ್ಬಳೇ ಹೋದಳಲ್ಲ ಅಂದರು. ಮಳೆ ಹೊಳವಾಗಿತ್ತು, ಬೆಳಿಗ್ಗೆಯಿಂದ ಬಿದ್ದದ್ದೇ ನಾಲ್ಕು ಹನಿ. ಅಪ್ಪ ಆಕಾಶ ನೋಡಿ, ಹಳ್ಳ ಏನೂ ಏರಿರುವುದಿಲ್ಲ, ಸಂಕದ ಮೇಲೆ ಹೋಗುತ್ತಾಳೆ ಬಿಡು ಅಂದರು. ಸಂಕ ಅಂದರೆ ಹಳ್ಳಕ್ಕೆ ಅಡ್ಡ ಹಾಕಿದ ಎರಡು ಮರದ ದಿಮ್ಮಿ, ಹಿಡಿದುಕೊಳ್ಳಲು ಒಂದು ಬಿದಿರು. ನಮ್ಮ ಕಡೆಯವರಿಗೆ ಇದೊಂದು ಚಾಳಿ. ಎಲ್ಲರೂ ಮಳೆಯನ್ನು ತಮ್ಮ ಅಂಗಳದಲ್ಲೇ ಅಳೆಯುತ್ತೇವೆ, ಸೆಂಟು ಸೆಂಟು ಲೆಕ್ಕ ಇಡುತ್ತೇವೆ. ಹಳ್ಳಕ್ಕೆ ನೀರು ಬರುವುದು ಮೇಲಿನ ಗುಡ್ಡದಿಂದ. ಅಲ್ಲಿ ಬೆಳಿಗ್ಗೆಯಿಂದ ಹೊಯ್ಯುತ್ತಿತ್ತು. ಪೂರ್ಣಿಯೂ ಅಪ್ಪನ ಹಾಗೆಯೇ ಆಕಾಶ ನೋಡಿ ಸಂಕದ ದಾರಿ ಹಿಡಿದಳು. ಹಳ್ಳದ ಅಂಚಿನ ಪೊದೆಗೆ ಸಿಕ್ಕಿಕೊಂಡಿದ್ದ ಅವಳ ಕೊಡೆ ಸಂಜೆ ಸಿಕ್ಕಿತು. ಕತ್ತಲಾಗುವ ಹೊತ್ತಿಗೆ ನಮ್ಮಲ್ಲೂ ಮಳೆ ಬಿಡದೆ ಸುರಿಯಿತು, ಹುಡುಕುವವರೂ ವಾಪಸು ಬರಬೇಕಾಯಿತು. ಮಾರನೇ ದಿನ ಒಂಬತ್ತು ಗಂಟೆಯ ಸುಮಾರಿಗೆ ಹಳ್ಳದ ಕೆಳಗಿನ ತಿರುವಿನಲ್ಲಿ ಅವಳು ಸಿಕ್ಕಿದಳು. ಅದನ್ನು ಹೆಚ್ಚು ಬರೆಯಲಾರೆ.

ಅವತ್ತು ಬೆಳಿಗ್ಗೆಯೂ ಎಂಟಕ್ಕೆ ಸರಿಯಾಗಿ ಅಪ್ಪ ಹೋಗಿ ಮಳೆ ಅಳೆದು ಬಂದದ್ದನ್ನು ನಾನು ಕಿಟಕಿಯಿಂದ ನೋಡಿದ್ದೆ. ಎಂಥ ಮನುಷ್ಯ ಇವರು ಅಂತ ಮೈಯೆಲ್ಲ ಉರಿದಿತ್ತು. ಎಷ್ಟಾಯಿತು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೋಗು ಅಂದವಳು ನಾನು ಅನ್ನುವುದನ್ನು ನಾನು ಯಾರಿಗೂ ಹೇಳಲಿಲ್ಲ. ಲ್ಯಾಪ್‌ಟಾಪನ್ನು ಅಮ್ಮ ತಮ್ಮ ಕಬ್ಬಿಣದ ಪೆಟ್ಟಿಗೆಗೆ ಹಾಕಿ ಬೀಗ ಹಾಕಿದರು, ಅದನ್ನು ನೋಡಿದರೆ ನಾನು ಅಳುತ್ತೇನೆ ಅಂತ.

ಅದನ್ನು ಮತ್ತೆ ತೆಗೆದದ್ದು ಎರಡೂವರೆ ವರ್ಷದ ಮೇಲೆ, ಅಂಗಡಿ ಹಾಕಿದಾಗ. ಕಾಫಿ ಕೊಯ್ಲಿನ ಕಾಲ, ರಣಬಿಸಿಲು. ಅಂಗಡಿಗೆ ಇನ್ನೊಂದು ಯಂತ್ರ ಬೇಕಿತ್ತು, ಇದನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕಿಕೊಳ್ಳೋಣ ಅಂದುಕೊಂಡೆ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು. ಅಳಿಸುವ ಮೊದಲು ಪೂರ್ಣಿ ಬರೆದ ಬೈಗುಳಗಳನ್ನು ಒಂದು ಸಲ ಓದಬೇಕು ಅನ್ನಿಸಿ ಆಟ ತೆರೆದೆ. ಅದೇ ಎರಡು ಸಾಲು ಬಂದು ನಿಂತವು. ನೋಟ್‌ಬುಕ್ ತೆರೆದೆ. ನನ್ನ ಒಂದೂವರೆ ಇತ್ತು, ಅದರ ಕೆಳಗೆ ಅವಳ ಎರಡು ಇತ್ತು. ಅದರ ಕೆಳಗೆ ನಾನು ಯಾವತ್ತೂ ನೋಡಿರದ ಒಂದು ಸಾಲು: "ನಾಲ್ಕು ಇಂಚು ಅರವತ್ತೆರಡು ಸೆಂಟು. ನಾನು ಗೆದ್ದೆ. ಮೌಸ್ ನಂದು. ಹಿಂದೆ ಹೋಗು."

ಮೊದಲು ಸಿಟ್ಟೇ ಬಂದದ್ದು. ನಾನು ಅಡಿಗೆಮನೆಯಲ್ಲಿದ್ದಾಗ ನನ್ನನ್ನು ರೇಗಿಸಲು ಬರೆದು ಹೋಗಿದ್ದಾಳೆ ಅಂದುಕೊಂಡೆ. ಹಾಗೇ ಇರಬೇಕು, ಬೇರೆ ಹೇಗೆ ಸಾಧ್ಯ? ಆದರೆ ಅರವತ್ತೆರಡು ಸೆಂಟು ಅಂತ ಯಾಕೆ ಬರೆದಳು? ಆ ಸಂಖ್ಯೆ ತಲೆ ಕೊರೆಯತೊಡಗಿತು. ಅಂಗಡಿ ಬಾಗಿಲು ಎಳೆದು ಬಣಕಲ್ ಬಸ್ಸು ಹತ್ತಿದೆ.

ಅಪ್ಪ ಆಫೀಸಿನಲ್ಲೇ ಇದ್ದರು. ಆ ವರ್ಷದ ಮಳೆ ಪುಸ್ತಕ ಕೊಡಿ ಅಂದೆ. ಯಾಕೆ ಅಂತ ಕೇಳದೆ ಬೀರುವಿನಿಂದ ತೆಗೆದು, ಹಾಳೆ ಮಗುಚಿ, ಆ ಭಾನುವಾರದ ಸಾಲಿನ ಮೇಲೆ ತಾವೇ ಬೆರಳಿಟ್ಟರು. ಅಪ್ಪನ ಮುತ್ತಿನಂಥ ಅಕ್ಷರ, ಆ ಒಂದು ಸಾಲು ಮಾತ್ರ ಓರೆಯಾಗಿತ್ತು. ನಾಲ್ಕು ಇಂಚು ಅರವತ್ತೆರಡು ಸೆಂಟು.

ಬೆಂಚಿನ ಮೇಲೆ ಕೂತುಬಿಟ್ಟೆ. ಇದನ್ನು ಯಾರಿಗಾದರೂ ಹೇಳಿದ್ದಿರಾ, ನನಗೆ ಹೇಳಿದ್ದಿರಾ ಅಂತ ಮತ್ತೆ ಮತ್ತೆ ಕೇಳಿದೆ.

"ಅವತ್ತು ಮಳೆ ಎಷ್ಟು ಅಂತ ಯಾರು ಕೇಳ್ತಾರೆ ಮಗಾ?" ಅಂದರು ಅಪ್ಪ. ಪುಸ್ತಕ ಮುಚ್ಚುತ್ತಾ, ಹಳ್ಳ ಏರಿಲ್ಲ ಅಂದವನು ನಾನಲ್ವಾ, ಅದಕ್ಕೇ ಅಳೆಯದೆ ಇರೋಕೆ ಆಗಲಿಲ್ಲ ಅಂದರು. ಅಷ್ಟು ವರ್ಷ ಅವರನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಅವರೂ ನನ್ನ ಹಾಗೆಯೇ ಒಳಗೊಳಗೇ ಸಾಯುತ್ತಿದ್ದರು ಅಂತ ಅವತ್ತು ತಿಳಿಯಿತು.

ನನಗೆ ತಿಳಿದ ಎಲ್ಲ ಪರೀಕ್ಷೆ ಮಾಡಿದ್ದೇನೆ. ಫೈಲಿನ ತಾರೀಖು ನೋಡಿದೆ. ಲ್ಯಾಪ್‌ಟಾಪಿನ ಒಳಗಿನ ಗಡಿಯಾರದ ಸೆಲ್ ಮೊದಲಿನಿಂದಲೂ ಸತ್ತಿದ್ದರಿಂದ ಅದು ಯಾವುದೋ ಹಳೇ ವರ್ಷ ತೋರಿಸುತ್ತಿತ್ತು. ದುಃಖದಲ್ಲಿ ನಾನೇ ಬರೆದು ಮರೆತೆನೇ ಅಂದರೆ, ಆ ಸಂಖ್ಯೆ ನನಗೇ ಗೊತ್ತಿರಲಿಲ್ಲ. ಅಪ್ಪನಿಗೆ ಗೊತ್ತಿತ್ತು, ಅವರಿಗೆ ಲ್ಯಾಪ್‌ಟಾಪ್ ಆನ್ ಮಾಡಲೂ ಬರುವುದಿಲ್ಲ. ಅವಳು ಸುಮ್ಮನೆ ಬಾಯಿಗೆ ಬಂದದ್ದನ್ನು ಬರೆದು ಅದು ಸರಿಹೋಯಿತು ಅನ್ನಬಹುದು. ಅದನ್ನೇ ನಂಬಲು ನೋಡುತ್ತೇನೆ. ಆದರೆ ಆ ಮಳೆ ಹೆಚ್ಚುಕಡಿಮೆ ಅಷ್ಟೂ ಬಿದ್ದದ್ದು ಅವಳು ನೀರಿಗೆ ಬಿದ್ದ ಮೇಲೆ, ಅಳೆದದ್ದು ಮಾರನೇ ಬೆಳಿಗ್ಗೆ.

ಇನ್ನು ನನ್ನ ತಪ್ಪೊಪ್ಪಿಗೆ. ಪಂದ್ಯದ ಪ್ರಕಾರ ಅವಳು ಗೆದ್ದಿದ್ದಳು, ನಿರ್ಧಾರ ಅವಳದು. ಮಾರನೇ ದಿನ ಅಂಗಡಿಯಲ್ಲಿ ಕೂತು ಬಾಣದ ಗುರುತನ್ನು 'ಹಿಂದೆ ಹೋಗು' ಅನ್ನುವುದರ ಮೇಲೆ ತಂದಿಟ್ಟೆ. ಬೆರಳು ಒತ್ತಲಿಲ್ಲ. ನೋಟ್‌ಬುಕ್ ಅಳಿಸಿಹೋಗುತ್ತದಲ್ಲ ಅಂತ ನೆಪ ಹೇಳಿಕೊಂಡೆ. ದಿನಾ ಹತ್ತು ಜನರ ಫೈಲು ನಕಲು ಮಾಡಿಕೊಡುವವಳಿಗೆ ಅದೊಂದನ್ನು ನಕಲು ಮಾಡಿಡುವುದು ಎಷ್ಟರ ಕೆಲಸ? ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು. ಒತ್ತಿದರೆ ಪೂರ್ಣಿ ಅಂದರೆ ಯಾರು ಅಂತ ನಾನು ಕೇಳುವ ಹಾಗಾದರೆ? ನಾಲ್ಕು ತಿಂಗಳು ಹೀಗೇ ದಿನಾ ತೆರೆದು, ನೋಡಿ, ಮುಚ್ಚಿದೆ. ಜೂನ್ ಬಂತು, ಥಂಡಿ ಹಿಡಿದು ಲ್ಯಾಪ್‌ಟಾಪ್ ಕೆಟ್ಟಿತು. ಒಳಗಿನ ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿ ನೋಡಿದೆ, ಏನೂ ಉಳಿದಿರಲಿಲ್ಲ.

ಅದು ಬರೀ ಆಟವೇ ಆಗಿದ್ದರೆ ಒತ್ತಲು ನನಗೇನು ಧಾಡಿಯಾಗಿತ್ತು? ಆಟವಲ್ಲದೆ ಇನ್ನೇನೋ ಆಗಿದ್ದರೆ, ಬದುಕಬಹುದಾಗಿದ್ದವಳನ್ನು ನನ್ನ ನೆನಪಿನ ಆಸೆಗೆ ಎರಡನೇ ಸಲ ನೀರಿಗೆ ಬಿಟ್ಟೆ. ಇವೆರಡರಲ್ಲಿ ಯಾವುದು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಕಳೆದ ವಾರ ಸಂಜೆ ಬಸ್ಸಿನಲ್ಲಿ ಪೂರ್ಣಿಯ ಅಮ್ಮ ಸಿಕ್ಕಿದರು. ಪಕ್ಕದಲ್ಲಿ ಜಾಗ ಮಾಡಿಕೊಟ್ಟು ಕೂರಿಸಿಕೊಂಡರು. ಎಂದಿನಂತೆ ಅವಳ ಮಾತೇ ತೆಗೆದರು. ಕಾಲೇಜಿನಲ್ಲಿ ಅವಳು ಯಾರ್ಯಾರಿಗೆ ಏನೇನು ಹೆಸರಿಟ್ಟಿದ್ದಳು, ಹೇಗೆ ನಗುತ್ತಿದ್ದಳು, ನಾನು ಒಂದೂ ಬಿಡದೆ ಹೇಳಿದೆ. ಅವರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದರು.

"ಉಳಿದೋರೆಲ್ಲ ಮರ್ತೇಬಿಟ್ರು. ನೀನೊಬ್ಳಾದ್ರೂ ಅವಳನ್ನ ಮರೀಲಿಲ್ವಲ್ಲ ಮಗಾ, ದೇವ್ರು ನಿನ್ನ ಚೆನ್ನಾಗಿಟ್ಟಿರ್ಲಿ" ಅಂದರು.

ಬಣಕಲ್ ಬರುವವರೆಗೂ ಅವರು ಆ ಕೈಯನ್ನು ಬಿಡಲಿಲ್ಲ.